ಮೂರು ಪ್ರಶ್ನೆ, ಒಂದು ನಿಮಿಷ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದ ದೊಡ್ಡಕ್ಕನ ಪ್ರಕಾರ, ಲೋಕದಲ್ಲಿ ಯಾರಿಗೂ ಒಂದು ನಿಮಿಷಕ್ಕಿಂತ ಹೆಚ್ಚು ಹೇಳುವಂಥದ್ದು ಇರುವುದಿಲ್ಲ. ಉಳಿದದ್ದೆಲ್ಲ ಹರಟೆ. ಮನೆಮಂದಿಯ ಆಪತ್ಕಾಲದ ಏರ್ಪಾಡನ್ನು ಅವಳಿಗೆ ಯಾರೂ ಒಪ್ಪಿಸಿರಲಿಲ್ಲ, ತಾನೇ ಮೈಮೇಲೆ ಎಳೆದುಕೊಂಡಿದ್ದಳು. ತಮ್ಮ ಮತ್ತು ತಂಗಿ ಇರುವುದು ಹೊಳೆ ದಂಡೆಯ ಊರಿನಲ್ಲಿ; ಇವಳಿರುವುದು ಅಲ್ಲಿಂದ ಐದು ಗಂಟೆ ದಾರಿಯ ಎತ್ತರದ ಊರಿನಲ್ಲಿ. ನೆರೆ ಬಂದಾಗ ಊರೊಳಗಿನವರು ಒಬ್ಬರಿಗೊಬ್ಬರು ಫೋನಿನಲ್ಲಿ ಸಿಗುವುದು ಕಷ್ಟ, ಹೊರಗಿನ ಊರು ಎಷ್ಟೋ ಸಲ ಸಿಕ್ಕಿಬಿಡುತ್ತದೆ. ಇದನ್ನು ಅವಳು ಕೆಲಸದಲ್ಲಿದ್ದಾಗಲೇ ಕಂಡುಕೊಂಡಿದ್ದಳು. ಆದ್ದರಿಂದ ಎಲ್ಲರೂ ಅವಳಿಗೆ ಫೋನ್ ಮಾಡಬೇಕು, ಅವಳು ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸಬೇಕು.

ಅವಳ ನಂಬರು ಬರೆದ ಚೀಟಿ ಎಲ್ಲರ ಪರ್ಸಿನಲ್ಲೂ ಇರಬೇಕು. ಬಾಗಿಲ ಹಿಂದೆ ಚೀಲವೊಂದು ನೇತಾಡಬೇಕು: ಕುಡಿಯುವ ನೀರು, ಮಾತ್ರೆ, ಟಾರ್ಚು, ಸೀಟಿ, ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರಗಳ ನಕಲು. ಆರು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಅಭ್ಯಾಸ. ಫೋನ್ ಮಾಡಿ ಮೂರೇ ಪ್ರಶ್ನೆಗೆ ಉತ್ತರ ಕೊಡಬೇಕು. ಎಲ್ಲಿದ್ದೀಯ, ಜೊತೆಗೆ ಯಾರಿದ್ದಾರೆ, ಏನು ಬೇಕು. ದೊಡ್ಡಕ್ಕ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ನಿಮಿಷವಾದ ಕೂಡಲೇ ಇಟ್ಟುಬಿಡುವಳು.

ತಮ್ಮ ಪಾಠ ಒಪ್ಪಿಸಿದ ಹಾಗೆ ಗಡಗಡ ಹೇಳಿ ಮುಗಿಸುತ್ತಿದ್ದ. ಅವನ ಮಗಳು, "ಅತ್ತೆ, ನಿಮ್ಮ ಕಾಟಕ್ಕಿಂತ ನೆರೆನೇ ವಾಸಿ" ಅನ್ನುತ್ತಿದ್ದಳು. ಎಲ್ಲರೂ ಗುಬ್ಬಿ ಎಂದು ಕರೆಯುವ ತಂಗಿಯದಂತೂ ಬರೀ ನಾಟಕ. "ಅಯ್ಯೋ ಅಕ್ಕಾ, ಅಡುಗೆಮನೆಗೆ ಮೊಸಳೆ ಬಂದಿದೆ, ಊಟ ಆಯ್ತಾ ಅಂತ ಕೇಳ್ತಿದೆ!" ದೊಡ್ಡಕ್ಕ ಗದರುತ್ತಿದ್ದಳು. ಆದರೆ ನಿಜ ಹೇಳಬೇಕೆಂದರೆ, ಆ ಭಾನುವಾರಗಳಿಗಾಗಿ ಅವಳು ಕಾದಿರುತ್ತಿದ್ದುದೇ ಗುಬ್ಬಿಯ ನಿಮಿಷಕ್ಕಾಗಿ.

ನಾಲ್ಕು ವರ್ಷದ ಹಿಂದಿನ ಅಭ್ಯಾಸದ ದಿನ ಗುಬ್ಬಿ ಮೊದಲ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿದಳು. "ಜೊತೆಗೆ ಯಾರಿದ್ದಾರೆ?" ಎಂದಾಗ, "ಯಾರೂ ಇಲ್ಲ ಅಕ್ಕಾ... ಇವತ್ತು ಬೆಳಿಗ್ಗೆ..." ಎಂದು ಬಿಕ್ಕತೊಡಗಿದಳು. ದೊಡ್ಡಕ್ಕನಿಗೆ ನಗು ಬಂತು. ಈ ಸಲ ಚೆನ್ನಾಗಿ ಕಲಿತು ಬಂದಿದ್ದಾಳೆ ಅಂದುಕೊಂಡಳು. "ನಾಟಕ ಸಾಕು ಕಣೇ. ನಿಮಿಷ ಆಯ್ತು, ಇಡು" ಎಂದು ಇಟ್ಟೇಬಿಟ್ಟಳು.

ಗುಬ್ಬಿಯ ಗಂಡ ಆ ಬೆಳಿಗ್ಗೆಯೇ ಸೂಟ್‌ಕೇಸ್ ತೆಗೆದುಕೊಂಡು ಮನೆ ಬಿಟ್ಟು ಹೋಗಿದ್ದ. ವಾರದ ಮೇಲೆ ತಮ್ಮನ ಬಾಯಿಂದ ಇದು ತಿಳಿದಾಗ ದೊಡ್ಡಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಗುಬ್ಬಿ ಬಾಗಿಲು ತೆರೆದಳು, ನೀರು ಕೊಟ್ಟಳು, ಎದುರಿಗೆ ಕುಳಿತಳು. ಗಡಿಯಾರ ನೋಡಿ, "ನಿಮಿಷ ಆಯ್ತು ಅಕ್ಕ" ಅಂದಳು. ಅಷ್ಟೇ. ಆಮೇಲಿನ ಎಂಟು ಭಾನುವಾರವೂ ನೋಟ್‌ಬುಕ್ಕಿನಲ್ಲಿ ಗುಬ್ಬಿಯ ಸಾಲು ಖಾಲಿ. ದೊಡ್ಡಕ್ಕ ಹೆಸರು ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಈ ವರ್ಷ ನೆರೆ ನಿಜವಾಗಿಯೂ ಬಂತು. ಬೆಳಿಗ್ಗೆ ಎಂಟಕ್ಕೆ ರೇಡಿಯೋದಲ್ಲಿ ಸುದ್ದಿ ಕೇಳಿ ದೊಡ್ಡಕ್ಕ ಫೋನಿನ ಪಕ್ಕ ಕುಳಿತಳು. ಒಂಬತ್ತಕ್ಕೆ ತಮ್ಮ ಮಾತಾಡಿದ.

"ಅಕ್ಕ, ಆಸ್ಪತ್ರೆ ಮಹಡಿ ಮೇಲಿದ್ದೀವಿ. ಹೆಂಡತಿ, ಮಗಳು ಜೊತೆಗಿದ್ದಾರೆ. ಚೀಲ ತಂದಿದ್ದೀವಿ, ಏನೂ ಬೇಡ. ಗುಬ್ಬಿ ಮಾಡಿದ್ಲಾ?"

"ಇಲ್ಲ."

"ಅವಳ ಬೀದಿಗೇ ಮೊದಲು ನೀರು ನುಗ್ಗಿದ್ದು ಅಕ್ಕ."

ಕೈ ತಾನಾಗಿಯೇ ಗುಬ್ಬಿಯ ನಂಬರಿನತ್ತ ಹೋಗುತ್ತಿತ್ತು. ಆದರೆ ಇರುವುದು ಒಂದೇ ಲೈನು. ಇವಳು ಅತ್ತ ಮಾಡುವ ಹೊತ್ತಿಗೇ ಅವಳು ಇತ್ತ ಮಾಡಿದರೆ ಎಂಗೇಜ್ ಆಗಿಬಿಡುತ್ತದೆ. ಲೈನು ಖಾಲಿ ಇಟ್ಟುಕೊಂಡು ಕಾಯಬೇಕು ಎಂಬುದು ಇವಳದೇ ನಿಯಮ, ಇವಳದೇ ಕೊರಳಿಗೆ ಉರುಳು. ಹತ್ತಾಯಿತು, ಹನ್ನೊಂದಾಯಿತು. ಕಾಫಿ ಆರಿ ತಣ್ಣಗಾಯಿತು. ಮೊಸಳೆಯಾದರೂ ಬಂದಿದೆ ಅನ್ನು ತಾಯಿ, ಏನಾದರೂ ಅನ್ನು, ಎಂದು ಆ ಕಪ್ಪು ಡಬ್ಬವನ್ನು ಬೇಡಿಕೊಂಡಳು. ಜೀವಮಾನವಿಡೀ ಊರಿನವರ ಮಾತಿಗೆಲ್ಲ ಕತ್ತರಿ ಹಾಕುತ್ತ ಬಂದವಳಿಗೆ ಈಗ ಒಂದೇ ಒಂದು ದನಿ ಕೇಳಿದರೆ ಸಾಕಾಗಿತ್ತು.

ಹನ್ನೆರಡಕ್ಕೆ ಫೋನು ಹೊಡೆದುಕೊಂಡಿತು.

"ಶಾಲೆಯ ಎರಡನೇ ಮಹಡಿ" ಅಂದಿತು ಒಣಗಿದ ದನಿ. "ಜೊತೆಗೆ ಯಾರೂ ಇಲ್ಲ."

"ಗುಬ್ಬೀ!"

"ನನ್ನ ಫೋನು ನೀರುಪಾಲು. ಇಲ್ಲಿ ಒಂದೇ ಫೋನು, ನನ್ನ ಹಿಂದೆ ಹದಿನಾಲ್ಕು ಜನ ನಿಂತಿದ್ದಾರೆ. ತಲೆಗೆ ಒಂದೇ ನಿಮಿಷ. ನಂಬರು ಚೀಟಿಯಲ್ಲಿತ್ತು."

ಚೀಟಿ! ನಾಲ್ಕು ವರ್ಷ ಅದನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದಳು. ದೊಡ್ಡಕ್ಕ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಕ್ಷಮಿಸು ಅನ್ನಬೇಕೋ, ಮಾತ್ರೆ ತಂದಿದ್ದೀಯಾ ಎಂದು ಕೇಳಬೇಕೋ, ಯಾವುದು ಮೊದಲು? ಮುಳ್ಳು ಓಡುತ್ತಲೇ ಇತ್ತು. ಬಾಯಿಗೆ ಬಂದದ್ದು ಮೂರನೆಯ ಪ್ರಶ್ನೆಯೇ.

"ಏನು ಬೇಕು ಗುಬ್ಬಿ?"

ಹಿಂದೆ ಯಾರದೋ ಕೆಮ್ಮು, ಯಾವುದೋ ಮಗುವಿನ ಅಳು.

"ನಿಮಿಷ ಆಯ್ತು" ಅಂದಳು ಗುಬ್ಬಿ. "ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ತೀನಿ. ಎತ್ತುತ್ತೀಯಾ?"

"ಎತ್ತುತ್ತೀನಿ ಕಣೇ, ಎತ್ತುತ್ತೀ..."

ಅಷ್ಟರಲ್ಲಿ ಫೋನು ಇಟ್ಟಾಗಿತ್ತು.

ದೊಡ್ಡಕ್ಕ ನೋಟ್‌ಬುಕ್ಕಿನ ಎರಡು ಖಾನೆ ತುಂಬಿದಳು. ಮೂರನೆಯದನ್ನು ಹಾಗೇ ಬಿಟ್ಟಳು. ತಮ್ಮನೇ ಮತ್ತೆ ಮಾಡಿದಾಗ, "ಸಿಕ್ಕಿದ್ಲು, ಶಾಲೆಯಲ್ಲಿದ್ದಾಳೆ, ಇಡು ಇಡು!" ಎಂದು ಹತ್ತೇ ಸೆಕೆಂಡಿನಲ್ಲಿ ಅವನನ್ನು ಸಾಗಹಾಕಿದಳು. ಆಮೇಲೆ ಹದಿನಾಲ್ಕು ಜನರನ್ನು ಎಣಿಸತೊಡಗಿದಳು. ಈಗ ಯಾರೋ ತನ್ನ ಮಗನಿಗೆ ಹೇಳುತ್ತಿರಬಹುದು. ಈಗ ಇನ್ಯಾರೋ ತಾಯಿಗೆ. ಬೇಗ ಮುಗಿಸಿ ಮಾರಾಯರೇ ಎಂದು ಒಂದು ಮನಸ್ಸು, ಪಾಪ ಪೂರ್ತಿ ಹೇಳಿಕೊಳ್ಳಲಿ ಎಂದು ಇನ್ನೊಂದು.

ಹದಿನಾಲ್ಕು ನಿಮಿಷ ಕಳೆಯಿತು. ಇಪ್ಪತ್ತು ಕಳೆಯಿತು. ಯಾರೋ ಪುಣ್ಯಾತ್ಮರು ಹೆಚ್ಚು ಮಾತಾಡಿದ್ದರು. ಇಪ್ಪತ್ತಮೂರನೆಯ ನಿಮಿಷಕ್ಕೆ ಗಂಟೆ ಬಾರಿಸಿತು, ಅದು ಬಾರಿಸಿ ಮುಗಿಸುವ ಮೊದಲೇ ಎತ್ತಿದಳು.

"ಅಕ್ಕಾ."

ದೊಡ್ಡಕ್ಕ ಗಡಿಯಾರವನ್ನು ಬೋರಲು ಹಾಕಿದಳು. "ಅವತ್ತು 'ಯಾರೂ ಇಲ್ಲ, ಇವತ್ತು ಬೆಳಿಗ್ಗೆ...' ಅಂದಿದ್ಯಲ್ಲ. ಅಲ್ಲಿಂದ ಹೇಳು."

ಆಚೆ ಒಮ್ಮೆ ಮೂಗೆಳೆದುಕೊಂಡ ಸದ್ದು. ಆಮೇಲೆ ಗುಬ್ಬಿ ಹೇಳತೊಡಗಿದಳು. ಗಂಡ ಷೂ ಹಾಕಿಕೊಳ್ಳುತ್ತ ಹೊಸ್ತಿಲ ಹತ್ತಿರ ಬಗ್ಗಿದ್ದು, ಅವನು ಎಲ್ಲೋ ಕೆಲಸಕ್ಕೆ ಹೊರಟಿರಬೇಕು ಎಂದು ತಾನು ಅಂದುಕೊಂಡದ್ದು. ಅಲ್ಲಿಗೆ ಬರುವಷ್ಟರಲ್ಲಿ ನಿಮಿಷ ಮುಗಿಯಿತು. ಮಾತನ್ನು ಅರ್ಧಕ್ಕೇ ಬಿಟ್ಟು ಗುಬ್ಬಿ ಮತ್ತೆ ಸಾಲಿನ ಕೊನೆಗೆ ಹೋದಳು. ದೊಡ್ಡಕ್ಕ ರಿಸೀವರ್ ಮೇಲೆ ಕೈ ಇಟ್ಟುಕೊಂಡು ಕಾಯುತ್ತ ಕುಳಿತಳು.