ಬಿಲಕ್ಕೆ ಬಿಟ್ಟ ನೀರು

ಮಾರ್ಥಾ ಡ್ಯೂಟಿ ಮುಗಿಸಿ ಬಂದಾಗ ಗಂಡ ಎರಿಕ್ ಸಿಟೌಟಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಸೊಂಟಕ್ಕೆ ಬಿಗಿದ ಬೆಲ್ಟು ಅವನನ್ನು ಬೇರೆ ರೀತಿಯಲ್ಲಿ ಕೂರಲು ಬಿಡುತ್ತಿರಲಿಲ್ಲ. ಅವಳು ಶೂ ಕಳಚುವ ಮೊದಲೇ ಹೇಳಿದ.

"ಇನ್ನೊಂದು ಎದ್ದಿದೆ. ಗೋಡೆ ಹತ್ರ ನೋಡು."

ಹುಲ್ಲಿನ ಅಂಚಿನಲ್ಲಿ ಬಟ್ಟಲು ಕವುಚಿಟ್ಟ ಹಾಗೆ ಹೊಸ ಮಣ್ಣಿನ ಗುಪ್ಪೆ ಎದ್ದಿತ್ತು. ಮಣ್ಣು ಇನ್ನೂ ಒದ್ದೆ.

"ನಾಳೆ ನೋಡುವ," ಎಂದಳು ಮಾರ್ಥಾ.

"ನಾಳೆಗೆ ಮತ್ತೂ ಎರಡು ಏಳ್ತದೆ. ಬೇರು ಒಣಗಿದ ಮೇಲೆ ಎಂತ ನೋಡುದು?"

ಅವಳು ಬ್ಯಾಗನ್ನು ನೆಲದ ಮೇಲಿಟ್ಟು, ಆಸ್ಪತ್ರೆಯ ಉಡುಪಿನಲ್ಲೇ ಹೋಗಿ, ಸಣ್ಣ ಗುದ್ದಲಿಯಿಂದ ಗುಪ್ಪೆಯನ್ನು ಕೆದರಿ ಸಮ ಮಾಡಿದಳು. ಎರಿಕ್ ಕೂತಲ್ಲಿಂದಲೇ, "ತೂತಿಗೆ ಮಣ್ಣು ಮುಚ್ಬೇಡ, ಕಲ್ಲಿಡು, ಕಲ್ಲು," ಎಂದ. ಅವಳು ಕಲ್ಲಿಟ್ಟಳು. ಏಳುವಾಗ ಮಂಡಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಳು. ಅದನ್ನು ಅವನು ನೋಡಲಿಲ್ಲ. ಅವನ ಕಣ್ಣು ಹುಲ್ಲಿನ ಇನ್ನೊಂದು ಮೂಲೆಯಲ್ಲಿತ್ತು.

ಕೊಲ್ಲಿ ನಾಡಿನ ರಿಫಾ ಊರಿನ ಈ ಮನೆಗೆ ಅವರು ಬಂದಾಗ ಅಂಗಳದಲ್ಲಿ ಇದ್ದದ್ದು ಬರೀ ಉಪ್ಪು ಮರಳು. ಎರಿಕ್ ಒಂದು ಕಟ್ಟಡ ಕಂಪನಿಯ ಸ್ಟೋರಿನಲ್ಲಿ ಕೆಲಸಕ್ಕಿದ್ದ. ರಜೆಯ ದಿನಗಳಲ್ಲಿ ಆ ಮರಳನ್ನು ತಾನೇ ಅಗೆದು ತೆಗೆದು, ಪಿಕಪ್ಪಿನಲ್ಲಿ ಸಿಹಿ ಮಣ್ಣು ತರಿಸಿ ತುಂಬಿದ್ದ. ಹುಲ್ಲನ್ನು ಒಂದೊಂದೇ ಕಡ್ಡಿಯಾಗಿ ಊರಿದ್ದ. ಎರಡು ಕಾರು ನಿಲ್ಲುವಷ್ಟು ಜಾಗ, ಅಷ್ಟೇ. ಆದರೂ ದಾರಿಯಲ್ಲಿ ಹೋಗುವವರು ಗೇಟಿನ ಸಂದಿಯಿಂದ ಇಣುಕಿ ನೋಡುವಷ್ಟು ಹಸುರಾಗಿತ್ತು. ಹೊಸ ವರ್ಷ ಕಳೆದ ಮೇಲೆ ಅವನ ಬೆನ್ನಿನ ಆಪರೇಷನ್ ಆಯಿತು. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಕಂಪನಿ ರಜೆ ಕೊಟ್ಟಿತು. ವಾಪಸು ತೆಗೆದುಕೊಳ್ಳುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವನು ಮನೆಗೆ ಬಂದ ವಾರದಲ್ಲೇ ಮೊದಲ ಗುಪ್ಪೆ ಎದ್ದಿತು.

"ಇದು ಹೆಗ್ಗಣ ಅಲ್ಲ," ಎಂದು ಎರಿಕ್ ಫೋನಿನಲ್ಲಿ ವಿಡಿಯೋಗಳನ್ನು ನೋಡಿ ತೀರ್ಮಾನಿಸಿದ್ದ. "ಹೆಗ್ಗಣ ಆದ್ರೆ ತೂತು ದೊಡ್ಡದಿರ್ತದೆ. ಇದು ಮೋಲ್, ನೆಲದಡಿಯೇ ಸುರಂಗ ಕೊರೆಯುವ ಪ್ರಾಣಿ. ಅಮೇರಿಕದವರ ಲಾನಿನಲ್ಲಿ ಹೀಗೇ ಮಣ್ಣು ಏಳುದು."

ಮಂಗಳೂರಿನಲ್ಲಿ ಓದುತ್ತಿದ್ದ ಮಗಳು ಆನ್ಸಿ ವಿಡಿಯೋ ಕಾಲ್‌ನಲ್ಲಿ ನಕ್ಕಳು. "ಪಪ್ಪಾ, ಅರೇಬಿಯಾದಲ್ಲಿ ಮೋಲ್ಸ್ ಇಲ್ವೇ ಇಲ್ಲ. ಐ ಚೆಕ್ಡ್."

"ನೀನು ಅಲ್ಲಿ ಕೂತು ಚೆಕ್ ಮಾಡಿದ್ದು ಸಾಕು. ಇಲ್ಲಿ ಬಂದು ನೋಡು," ಎಂದು ಎರಿಕ್ ಫೋನನ್ನು ಮಾರ್ಥಾಳಿಗೆ ಕೊಟ್ಟುಬಿಟ್ಟಿದ್ದ.

ಮೋಲ್ ಆಗಲಿ, ಇಲಿಯಾಗಲಿ, ಅದನ್ನು ಓಡಿಸುವ ಕೆಲಸ ಮಾರ್ಥಾಳದ್ದಾಯಿತು. ಮನಾಮದ ಆಸ್ಪತ್ರೆಯೊಂದರ ಡಯಾಲಿಸಿಸ್ ವಾರ್ಡಿನಲ್ಲಿ ಅವಳು ಇಡೀ ದಿನ ನಿಂತಿರುತ್ತಿದ್ದಳು. ಜೊತೆಯ ನರ್ಸ್ ಒಬ್ಬಳು ಹೆರಿಗೆ ರಜೆಯಲ್ಲಿದ್ದುದರಿಂದ ಅವಳ ಪಾಲಿನ ಡ್ಯೂಟಿಯೂ ಇವಳ ಹೆಗಲಿಗೆ ಬಿದ್ದಿತ್ತು. ಮನೆಗೆ ಬಂದರೆ ಎರಿಕ್‌ಗೆ ಸ್ನಾನ ಮಾಡಿಸಬೇಕು, ಅಡುಗೆ ಮಾಡಬೇಕು, ಆಮೇಲೆ ಹುಲ್ಲು. ಹರಳೆಣ್ಣೆಗೆ ಸೋಪಿನ ನೀರು ಬೆರೆಸಿ ಎಲ್ಲ ತೂತುಗಳಿಗೆ ಸುರಿದಾಯಿತು. ಅಂಗಳವಿಡೀ ಎಣ್ಣೆಸ್ನಾನದ ಬಚ್ಚಲಿನಂತೆ ನಾರಿತೇ ಹೊರತು ಗುಪ್ಪೆಗಳು ನಿಲ್ಲಲಿಲ್ಲ. ಒಣಮೆಣಸಿನ ಹೊಗೆ ಹಾಕಿದರೆ ಗಾಳಿ ತಿರುಗಿ ಹೊಗೆ ಸಿಟೌಟಿಗೆ ನುಗ್ಗಿತು. ಎರಿಕ್ ಕೆಮ್ಮಿ ಕೆಮ್ಮಿ, ಬೆನ್ನು ಹಿಡಿದುಕೊಂಡು ಅತ್ತೇಬಿಟ್ಟ.

ಎರಿಕ್‌ನ ತಮ್ಮ ಸಿಡ್ನಿ ಮಾಹೂಝ್‌ನ ಫ್ಲ್ಯಾಟಿನಲ್ಲಿರುವವನು. ಅವನ ಮನೆಯಲ್ಲಿ ತುಳಸಿ ನೆಡುವಷ್ಟು ಮಣ್ಣೂ ಇರಲಿಲ್ಲ. ಆದರೂ ಬಂದಾಗಲೆಲ್ಲ ಒಂದು ಉಪಾಯ ತರುತ್ತಿದ್ದ. ಒಮ್ಮೆ ಬ್ಯಾಟರಿ ಹಾಕಿ ನೆಲಕ್ಕೆ ಊರುವ ಒಂದು ಕೋಲು ತಂದ. ಅದು ಆಗಾಗ ಗುಂಯ್ ಎಂದು ನಡುಗಿ ಪ್ರಾಣಿಗಳನ್ನು ಹೆದರಿಸುತ್ತದಂತೆ. ಪ್ರಾಣಿಗಳು ಹೆದರಲಿಲ್ಲ, ಮಾರ್ಥಾಳ ನಿದ್ದೆ ಹೋಯಿತು. ಇನ್ನೊಮ್ಮೆ ಕಾಗದದಲ್ಲಿ ಸುತ್ತಿ ವಿಷದ ಗುಳಿಗೆ ತಂದ.

"ಇದು ಹಾಕಿ ಅತ್ತಿಗೆ. ಒಂದೇ ದಿನದಲ್ಲಿ ಖಲಾಸ್."

"ಬೇಡ," ಎಂದಳು ಮಾರ್ಥಾ. "ಅಲಿಯವರ ಪಾರಿವಾಳ ಎಲ್ಲ ಇಲ್ಲಿಯೇ ಇಳಿದು ಹೆಕ್ಕುದು. ಅವು ಸತ್ರೆ ಯಾರು ಉತ್ತರ ಕೊಡುದು?"

ಅಲಿ ಅವರ ಮನೆಯ ಮಾಲೀಕರು. ಗೋಡೆಯಾಚೆಯ ಮನೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡ ಮೇಲೆ ಪಾರಿವಾಳ ಸಾಕಲು ಹಿಡಿದು, ಗೋಡೆಗೆ ತಾಗಿದಂತೆ ಮರದ ದೊಡ್ಡ ಗೂಡು ಕಟ್ಟಿಸಿದ್ದರು. ಸಂಜೆ ಹೊತ್ತು ಅವರು ನಾಲಿಗೆಯಿಂದ ಕಟಕಟ ಸದ್ದು ಮಾಡಿ ಹಕ್ಕಿಗಳನ್ನು ಕರೆಯುವುದು ಇತ್ತ ಕೇಳುತ್ತಿತ್ತು. ಬಾಡಿಗೆದಾರರಿಗೂ ಅವರಿಗೂ ಸಲಾಮಿನಾಚೆ ಮಾತಿರಲಿಲ್ಲ.

ವಿಷದ ಪೊಟ್ಟಣವನ್ನು ಸಿಡ್ನಿ ಹಿಂದಕ್ಕೆ ಒಯ್ದ. ಎರಿಕ್ ಮುಖ ಊದಿಸಿಕೊಂಡು ಕೂತ. ಆಮೇಲೆ ನೀರಿನ ಯೋಚನೆ ಹೊಳೆದದ್ದೂ ಅವನಿಗೇ.

ಅದೊಂದು ಶುಕ್ರವಾರ. ಮಾರ್ಥಾ ಹಿಂದಿನ ದಿನ ಎರಡು ಡ್ಯೂಟಿಗಳನ್ನು ಒಂದಕ್ಕೊಂದು ಸೇರಿಸಿ ಮಾಡಿ ಬಂದಿದ್ದಳು. ಬೆಳಗ್ಗೆ ಕಾಫಿ ಲೋಟ ಹಿಡಿದೇ ತೂಕಡಿಸುತ್ತಿದ್ದಳು.

"ಇವತ್ತು ನಿಂಗೆ ರಜೆ ಅಲ್ವಾ," ಎಂದ ಎರಿಕ್. "ಒಂದು ತೂತು ಬಿಟ್ಟು ಬಾಕಿ ಎಲ್ಲ ಮುಚ್ಚುದು. ಆ ಒಂದಕ್ಕೆ ಪೈಪ್ ಹಾಕಿ ಜೋರು ನೀರು ಬಿಡುದು. ಒಳಗೆ ಇದ್ದದ್ದು ಹೊರಗೆ ಬರ್ಲೇಬೇಕು."

"ಸಿಡ್ನಿ ಬರ್ಲಿ."

"ಅವ್ನು ಬರುದಿಲ್ಲಂತೆ ಇವತ್ತು. ಕಷ್ಟ ಎಂತ ಉಂಟು ಇದ್ರಲ್ಲಿ? ಪೈಪ್ ಹಾಕಿ ಕೂತ್ಕೊಳ್ಳುದು, ಅಷ್ಟೇ."

ಮಾರ್ಥಾ ಎದ್ದಳು. ವಾದ ಮಾಡುವುದಕ್ಕಿಂತ ಎದ್ದು ಮಾಡಿ ಮುಗಿಸುವುದು ಸುಲಭವೆಂದು ಅವಳಿಗೆ ಎಷ್ಟೋ ವರ್ಷಗಳಿಂದ ರೂಢಿಯಾಗಿತ್ತು. ತೂತುಗಳಿಗೆ ಕಲ್ಲು ಜಡಿದು, ಗೋಡೆಯ ಬಳಿಯದಕ್ಕೆ ಪೈಪು ತೂರಿಸಿ ನಲ್ಲಿ ತಿರುಗಿಸಿದಳು. ನೀರು ಗುಳುಗುಳು ಎಂದು ಒಳಗೆ ಇಳಿಯಿತು. ಎರಿಕ್ ಕಣ್ಣು ಮಿಟುಕಿಸದೆ ನೋಡುತ್ತ ಕೂತ. ಮಾರ್ಥಾ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಳು. ಏನೂ ಹೊರಗೆ ಬರಲಿಲ್ಲ.

"ಸ್ವಲ್ಪ ಬೆನ್ನು ಚಾಚಿ ಬರ್ತೇನೆ. ತುಂಬಿದ್ರೆ ಕರೀರಿ," ಎಂದು ಒಳಗೆ ಹೋದಳು.

ಎರಿಕ್ ಬೆಳಗ್ಗೆ ನೋವಿನ ಮಾತ್ರೆ ನುಂಗಿದ್ದ. ಅದು ಅವನನ್ನು ಕುರ್ಚಿಯಲ್ಲೇ ಮಲಗಿಸಿತು. ಮಾರ್ಥಾ ದಿಂಬಿಗೆ ತಲೆ ಕೊಟ್ಟವಳು ಕಲ್ಲಿನಂತೆ ಮಲಗಿದಳು. ಮಸೀದಿಯ ಬಾಂಗ್ ಆಯಿತು, ಖುತ್ಬಾದ ಪ್ರವಚನ ಆಯಿತು, ಜನ ಮನೆಗೆ ಮರಳಿದರು. ನೀರು ಹರಿಯುತ್ತಲೇ ಇತ್ತು.

ಅವಳನ್ನು ಎಬ್ಬಿಸಿದ್ದು ಗೇಟು ಬಡಿಯುವ ಸದ್ದು. ಕೆದರಿದ ಕೂದಲಲ್ಲೇ ಓಡಿ ಬಂದು ಗೇಟು ತೆಗೆದಳು. ಅಲಿ ನಿಂತಿದ್ದರು. ಜುಮಾ ನಮಾಜಿಗೆ ತೊಟ್ಟ ಉದ್ದನೆಯ ಬಿಳಿ ನಿಲುವಂಗಿಯ ಅಂಚು ಮೊಣಕಾಲಿನವರೆಗೆ ಕೆಸರಾಗಿತ್ತು.

"ಶ್ನೂ ಹಾದಾ, ಸಿಸ್ಟರ್? ಏನಿದು?" ಎಂದು ಅರಬಿಯಲ್ಲಿ ಶುರು ಮಾಡಿ ಹಿಂದಿಗೆ ಬಂದರು. "ನನ್ನ ಮನೆ ಮುಳುಗಿತು. ಬನ್ನಿ, ನೋಡಿ!"

ಮಾರ್ಥಾ ಬರಿಗಾಲಲ್ಲಿ ಹಿಂದೆ ಹೋದಳು. ಗೋಡೆಯಾಚೆ ಅಂಗಳಕ್ಕೆ ಹಾಸಿದ ಸಿಮೆಂಟಿನ ಇಟ್ಟಿಗೆಗಳು ಕುಸಿದು ಹೊಂಡವಾಗಿದ್ದವು. ಪಾರಿವಾಳದ ಗೂಡಿನ ಒಂದು ಕಾಲು ನೆಲದೊಳಗೆ ಇಳಿದು, ಇಡೀ ಗೂಡು ಕುಡಿದವನ ಹಾಗೆ ಗೋಡೆಗೆ ವಾಲಿತ್ತು. ಕಾಳಿನ ಚೀಲಗಳು ಕೆಸರು ನೀರಿನಲ್ಲಿ ನೆನೆದಿದ್ದವು. ಹಕ್ಕಿಗಳೆಲ್ಲ ಎದುರು ಮನೆಯ ತಾರಸಿಯಲ್ಲಿ ಸಾಲಾಗಿ ಕೂತು ಕೆಳಗೆ ನೋಡುತ್ತಿದ್ದವು.

ಅಲ್ಲಿಂದ ಮಾರ್ಥಾ ಓಡಿ ಬಂದು ನಲ್ಲಿ ಮುಚ್ಚಿದಳು. ಎರಿಕ್‌ಗೆ ಎಚ್ಚರವಾಗಿತ್ತು. ಏಳಲು ಹೋಗಿ ಆಗದೆ, ಕುರ್ಚಿಯ ಕೈ ಹಿಡಿದುಕೊಂಡೇ, ಹಿಂದೆ ಬಂದ ಅಲಿಗೆ ಹಿಂದಿಯಲ್ಲಿ ವಿವರಿಸತೊಡಗಿದ. "ಮೋಲ್ ಬಂದಿದೆ ಬಾಬಾ, ಲಾನಿಗೆ ಮೋಲ್. ನಾವು ಅದನ್ನು..."

"ತಪ್ಪು ನನ್ನದು," ಎಂದಳು ಮಾರ್ಥಾ. "ನಾನು ನೀರು ಬಿಟ್ಟು ಮಲಗಿದೆ."

ಅಲಿಗೆ ಸಿಟ್ಟು ನೆತ್ತಿಗೇರಿತ್ತು. "ನೀರು ಬಿಟ್ಟು ಯಾರಾದರೂ ಮಲಗುತ್ತಾರಾ?"

"ಸುಸ್ತಾಗಿತ್ತು," ಎಂದಳು. ಬೇರೇನೋ ಹೇಳಬೇಕೆಂದು ಬಾಯಿ ತೆರೆದಳು. ಆದರೆ ಬಂದದ್ದು ಅದೇ ಮಾತು. "ತುಂಬಾ ಸುಸ್ತಾಗಿತ್ತು."

ಅಲಿ ಅವಳ ಕೆಸರಿನ ಕಾಲುಗಳನ್ನೂ, ಕೆನ್ನೆಯ ಮೇಲೆ ಮೂಡಿದ್ದ ದಿಂಬಿನ ಗೆರೆಯನ್ನೂ, ಕುರ್ಚಿಯಲ್ಲಿ ಸಿಕ್ಕಿಕೊಂಡಂತಿದ್ದ ಎರಿಕ್‌ನನ್ನೂ ನೋಡಿದರು. ಏನೋ ಗೊಣಗಿದರು. "ನಾಳೆ ಅಗೆಸಿ ನೋಡುತ್ತೇನೆ," ಎಂದಷ್ಟೇ ಹೇಳಿ ಹೋದರು.

ಗೇಟು ಮುಚ್ಚಿದ ಮೇಲೆ ಎರಿಕ್ ತಗ್ಗಿದ ದನಿಯಲ್ಲಿ, "ಕರೀಲಿಕ್ಕೆ ಹೇಳಿದ್ದಿ ನೀನು. ನಂಗೂ ನಿದ್ದೆ ಬಂತು," ಎಂದ. ಸ್ವಲ್ಪ ತಡೆದು, "ಆದ್ರೆ ಅದು ಎಲ್ಲಿಂದ ಬರ್ತದೆ ಅಂತ ಗೊತ್ತಾಯ್ತಲ್ಲ. ಇನ್ನು ಗೋಡೆ ಬುಡಕ್ಕೆ..."

"ನಂಗೆ ಹುಲ್ಲು ಬೇಡ, ಎರಿಕ್."

ಅವನು ಹುಲ್ಲಿನಿಂದ ಕಣ್ಣು ತೆಗೆದು ಅವಳನ್ನು ನೋಡಿದ.

"ಹುಲ್ಲೂ ಬೇಡ, ಎಂತದೂ ಬೇಡ. ಅಲ್ಲಿ ನಿಂತು ನಿಂತು ಕಾಲು ಬಾತು ಬರ್ತೇನೆ. ಇಲ್ಲಿ ನೀವು 'ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ' ಅಂತೀರಿ. ನನ್ನ ಮಂಡಿ ಹೇಗುಂಟು ಅಂತ ಒಂದು ದಿನ ಕೇಳಿದ್ದೀರಾ? ಆಪರೇಷನ್ ಆದದ್ದು ನಿಮ್ಗೆ. ಹೌದು. ಆದ್ರೆ ಬಗ್ಗುದು ನಾನು."

ಅವಳ ದನಿ ಏರಲಿಲ್ಲ. ಏರಿಸುವಷ್ಟು ಶಕ್ತಿಯೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಕಾಲಿನ ಕೆಸರನ್ನು ಬೆರಳಿನಿಂದ ಸುಲಿಯತೊಡಗಿದಳು.

ಎರಿಕ್ ಹೇಳಿದ. "ಬೆಳಗ್ಗೆ ನೀನು ಹೋದ ಮೇಲೆ ನಂಗೆ ನೋಡ್ಲಿಕ್ಕೆ ಅದೊಂದೇ ಇರುದು ಮಾರ್ಥಾ. ಕಂಪನಿಯವ್ರು ಫೋನೇ ಮಾಡುದಿಲ್ಲ. ಅದೂ ಒಣಗಿದ್ರೆ..." ಮಾರ್ಥಾಳಿಗೆ ಕನಿಕರ ಪಡುವ ತ್ರಾಣ ಉಳಿದಿರಲಿಲ್ಲ. "ಗೊತ್ತುಂಟು," ಎಂದಳು, ಅಷ್ಟೇ. ಎದ್ದು ಒಳಗೆ ಹೋಗಿ ಪುನಃ ಮಲಗಿದಳು. ಆ ದಿನ ಊಟಕ್ಕೆ ಎರಿಕ್ ಬ್ರೆಡ್ಡಿಗೆ ಜಾಮ್ ಸವರಿಕೊಂಡು ತಿಂದ. ಅವಳನ್ನು ಎಬ್ಬಿಸಲಿಲ್ಲ.

ಮರುದಿನ ಅಲಿ ಕೂಲಿಯವರನ್ನು ಕರೆಸಿ ಕುಸಿದ ಜಾಗವನ್ನು ಅಗೆಸಿದರು. ಮಾರ್ಥಾಳನ್ನೂ ಕರೆದು ತೋರಿಸಿದರು. ಗೂಡಿನ ಅಡಿಯಿಂದ ಸುರಂಗವೊಂದು ಗೋಡೆಯ ತಳಪಾಯದ ಕೆಳಗೆ ನುಸುಳಿ ನೇರವಾಗಿ ಎರಿಕ್‌ನ ಹುಲ್ಲಿನೊಳಗೆ ಹೋಗಿತ್ತು. ನಡುವೆ ಕೋಣೆಯಂಥ ಹೊಂಡಗಳಲ್ಲಿ ಬಾರ್ಲಿ, ಜೋಳ, ಕತ್ತರಿಸಿ ತಂದ ಹುಲ್ಲಿನ ತುಣುಕುಗಳು ಒತ್ತೊತ್ತಾಗಿ ತುಂಬಿದ್ದವು. ಒಂದರಲ್ಲಿ ಮರಳಿನ ಬಣ್ಣದ ಇಲಿ ಸತ್ತು ಬಿದ್ದಿತ್ತು. ಬಾಲದ ತುದಿಯಲ್ಲಿ ಕಪ್ಪು ಕುಚ್ಚು. ಹಿಂಗಾಲುಗಳು ಉದ್ದವಾಗಿದ್ದವು. ಉಳಿದವು ಎಲ್ಲಿಗೋ ಓಡಿಹೋಗಿದ್ದವು. ಮಾರ್ಥಾ ಬಗ್ಗಿ ನೋಡಿದಳು. ಇಷ್ಟು ದಿನ ತನ್ನ ಜೀವ ತಿಂದದ್ದು ಇಷ್ಟು ಪುಟ್ಟ ಜೀವವೇ ಅನಿಸಿತು. ಗೆದ್ದ ಖುಷಿಯಾಗಲಿಲ್ಲ, ಪಾಪ ಎಂದೂ ಅನಿಸಲಿಲ್ಲ. ಮನೆಗೆ ಹೋಗಿ ಕೂತರೆ ಸಾಕಾಗಿತ್ತು.

"ಮರುಭೂಮಿಯ ಇಲಿ," ಎಂದರು ಅಲಿ. ನಿನ್ನೆಯ ಸಿಟ್ಟು ಇಳಿದಿತ್ತು. ಕೈಗೆ ಬಾರ್ಲಿಯ ಕಾಳು ಎತ್ತಿಕೊಂಡು ನೋಡಿದರು. "ಕಾಳು ನನ್ನದೇ. ಹಾಗಾದರೆ ಇದನ್ನು ಕರೆದವನು ನಾನೇ ಅಲ್ಲವಾ?"

"ಅಗೆಯಲು ಮೆತ್ತಗಿನ ಮಣ್ಣು ಕೊಟ್ಟದ್ದು ನಾವು," ಎಂದಳು ಮಾರ್ಥಾ.

ಅಲಿ ತಲೆಯಾಡಿಸಿ, ರಿಪೇರಿಯನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿದರು. ಒಂದು ಮಾತನ್ನು ಮಾತ್ರ ಕೇಳಿದರು: ಗೋಡೆಯ ಉದ್ದಕ್ಕೆ ಒಂದು ಪಟ್ಟಿ ಹುಲ್ಲು ಕಿತ್ತು, ಆಳಕ್ಕೆ ಕಬ್ಬಿಣದ ಜಾಲರಿ ಇಳಿಸಿ, ಜಲ್ಲಿ ತುಂಬಿಸಬೇಕು. ಇಲ್ಲದಿದ್ದರೆ ಮತ್ತೆ ಬರುತ್ತವೆ. ಮಾರ್ಥಾ ಮನೆಗೆ ಬಂದು ಎರಿಕ್‌ಗೆ ತಿಳಿಸಿದಳು. ಅವನು ಹುಲ್ಲನ್ನೇ ನೋಡುತ್ತ, "ಆಯ್ತು, ಕೀಳ್ಲಿ," ಎಂದ. ಕೂಲಿಯವರು ಬಂದು ಕೀಳುವಾಗ ಒಳಗೆ ಹೋಗಿ ಟೀವಿ ಹಾಕಿಕೊಂಡ.

ಅಲಿ ಕಾಳನ್ನು ಮುಚ್ಚಳವಿರುವ ಉಕ್ಕಿನ ಡ್ರಮ್ಮುಗಳಿಗೆ ತುಂಬಿಸಿದರು. ಗೂಡನ್ನು ಕಾಂಕ್ರೀಟಿನ ಕಟ್ಟೆಯ ಮೇಲೆ ನಿಲ್ಲಿಸಿದರು. ಹಕ್ಕಿಗಳು ಒಂದೊಂದಾಗಿ ವಾಪಸು ಬಂದವು. ಆಮೇಲೆ ಗುಪ್ಪೆಗಳು ಏಳಲಿಲ್ಲ. ಉಳಿದ ಹುಲ್ಲು ಉಪ್ಪಿಗೋ ಬಿಸಿಲಿಗೋ ಅಲ್ಲಲ್ಲಿ ಹಳದಿಯಾಯಿತು. ಎರಿಕ್ ಅದಕ್ಕಾಗಿ ಮಾರ್ಥಾಳನ್ನು ಕರೆಯಲಿಲ್ಲ.

ಮಾರ್ಥಾ ತನ್ನ ಮೇಲಿನವರಿಗೆ ಇನ್ನು ಹೆಚ್ಚಿನ ಡ್ಯೂಟಿ ತನ್ನಿಂದಾಗದು ಎಂದಳು. ಅವರು ಮುಖ ಸಿಂಡರಿಸಿದರು, ಆದರೂ ಒಪ್ಪಿದರು. ಎರಿಕ್ ಅಡುಗೆಮನೆಯಲ್ಲಿ ಎತ್ತರದ ಸ್ಟೂಲು ಹಾಕಿಕೊಂಡು ಗಂಜಿ ಬೇಯಿಸಲು ಕಲಿತ. ಒಮ್ಮೊಮ್ಮೆ ತಳ ಹಿಡಿಯುತ್ತಿತ್ತು. ಅವಳು ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತಿದ್ದಳು. ಒಂದು ಸಂಜೆ ಅವನು, "ಮಂಡಿಗೆ ಎಣ್ಣೆ ಹಚ್ಚಲಾ?" ಎಂದು ಕೇಳಿದ. "ಬಗ್ಗಬಾರ್ದಲ್ಲ ನೀವು," ಎಂದಳು. "ನೀನು ಕಾಲನ್ನು ಮಂಚದ ಮೇಲಿಡು. ಬಗ್ಗುದು ಬೇಡ," ಎಂದ. ಅವಳು ಇಟ್ಟಳು. ಅವನ ಕೈ ಒರಟಾಗಿತ್ತು, ಎಣ್ಣೆ ಹೆಚ್ಚಾಯಿತು. ಅವಳು ಮಧ್ಯದಲ್ಲೇ ನಿದ್ದೆ ಹೋದಳು.

ಮೇ ತಿಂಗಳಲ್ಲಿ ಕಂಪನಿಯಿಂದ ಫೋನ್ ಬಂತು. ಸ್ಟೋರಿನಲ್ಲಿ ಅಲ್ಲ, ಆಫೀಸಿನಲ್ಲಿ ಕೂತು ಮಾಡುವ ಕೆಲಸ, ಮೂರು ತಿಂಗಳ ಮಟ್ಟಿಗೆ. ಮುಂದಿನದ್ದು ಮುಂದೆ. ಮೊದಲ ದಿನ ಕಂಪನಿಯ ವ್ಯಾನು ಗೇಟಿನ ಮುಂದೆ ನಿಂತಿತು. ಎರಿಕ್ ದಿಂಬೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನಿಧಾನವಾಗಿ ಮುಂದಿನ ಸೀಟಿಗೆ ಏರಿದ. ಒಳಗಿದ್ದವರು ಏನೋ ತಮಾಷೆ ಮಾಡಿದರು, ಅವನು ನಕ್ಕ. ಮಾರ್ಥಾಳ ಕಡೆ ಕೈಬೀಸುವುದು ಮರೆತುಹೋಯಿತು.

ಅವಳಿಗೆ ಅಂದು ರಜೆ. ಗೇಟು ಹಾಕಿ ಒಳಗೆ ಬಂದು ಚಹಾ ಮಾಡಿಕೊಂಡಳು. ಮನೆ ನಿಶ್ಶಬ್ದವಾಗಿತ್ತು. ಎಸಿ ಮಾತ್ರ ಗುರುಗುಟ್ಟುತ್ತಿತ್ತು. ಯಾರೂ ಕರೆಯುತ್ತಿಲ್ಲ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಚಹಾ ಆರುವ ಮೊದಲೇ, ಆಸ್ಪತ್ರೆಯಲ್ಲಿ ಎಂದೂ ಆಗದಿದ್ದ ಹಾಗೆ, ಕೊನೆಯ ಗುಟುಕಿನವರೆಗೂ ಕೂತು ಕುಡಿದಳು.