ಅಕ್ಕಿಕಾಳಿನಷ್ಟು ಡೊಂಕು

ನಾನು ಬೂರುಗದ ಮರದ ಒಂದು ಹಲಗೆ. ಗದಗಿನ ಕಟ್ಟಿಗೆ ಅಡ್ಡೆಯೊಂದರಲ್ಲಿ ನನ್ನನ್ನು ಕೊಯ್ದು ನುಣ್ಣಗೆ ಮಾಡಿದ ಬಡಿಗ, ಒಂದು ಕಣ್ಣು ಮುಚ್ಚಿ ಅಂಚು ನೋಡಿ ತಲೆದೂಗಿದ್ದ. ನನ್ನದು ಮೆತ್ತನೆಯ ಮೈ, ಗುಂಡುಪಿನ್ನು ಸಲೀಸಾಗಿ ಇಳಿಯುತ್ತದೆ. ಅದಕ್ಕೇ ಒಂದು ಶಾಲೆಯವರು ನನ್ನನ್ನು ಸೂಚನಾ ಫಲಕ ಮಾಡಿಕೊಂಡರು. ಹನ್ನೊಂದು ವರ್ಷ ಶಿಕ್ಷಕರ ಕೋಣೆಯ ಕಿಟಕಿಯ ಪಕ್ಕ ತೂಗಿದೆ. ಮಧ್ಯಾಹ್ನದ ಬಿಸಿಲು ನನ್ನ ಒಂದೇ ಮೂಲೆಗೆ ಬೀಳುತ್ತಿತ್ತು. ಆ ಮೂಲೆ ತುಸುವೇ ಮೇಲೆದ್ದದ್ದು ಯಾರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಹೊಸ ಫಲಕ ಬಂದಾಗ ಡ್ರಾಯಿಂಗ್ ಟೀಚರ್ ಶಶಿಕಲಾ ಪತ್ತಾರ ನನ್ನನ್ನು ಕೇಳಿ ಪಡೆದು ಮನೆಗೆ ಒಯ್ದರು. ಅವರು ರಿಮೋಟಿನಿಂದ ಹಾರುವ ಪುಟ್ಟ ವಿಮಾನಗಳನ್ನು ಕಟ್ಟುತ್ತಿದ್ದರು. ನನ್ನ ಮೇಲೆ ನಕ್ಷೆ ಹಾಸಿ, ಹೂವಿನಷ್ಟು ಹಗುರಾದ ಕಟ್ಟಿಗೆಯ ಪಟ್ಟಿಗಳನ್ನು ಪಿನ್ನು ಚುಚ್ಚಿ ನಿಲ್ಲಿಸಿ ಅಂಟು ಹಾಕುವಾಗ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು. ರೆಕ್ಕೆಯ ತುದಿಯಿಂದ ಬಾಲದವರೆಗೆ ದಾರ ಹಿಡಿದು ಎರಡೂ ಕಡೆ ಅಳೆಯುತ್ತಿದ್ದರು. ಅವರು ಕಟ್ಟಿದ್ದು ಡೊಂಕಿರುವುದಿಲ್ಲವೆಂದು ಊರಿನ ವಿಮಾನ ಬಳಗದವರೆಲ್ಲ ನಂಬಿದ್ದರು.

ಹಾರಿಸುವವರು ಇಮಾಮಸಾಬ ನದಾಫ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಹಿಂದಿನ ವರ್ಷ ಕಾಯಿಲೆ ಬಿದ್ದು ಎದ್ದ ಮೇಲೆ ಅವರ ಎಡಗೈ ಸಣ್ಣಗೆ ನಡುಗುತ್ತಿತ್ತು. ನನ್ನ ಮೇಲೆ ಕಟ್ಟಿದ ಮೊದಲ ವಿಮಾನ ಚೆನ್ನಾಗಿಯೇ ಹಾರಿತಂತೆ. ಆದರೆ ಇಳಿಸಲು ವೇಗ ತಗ್ಗಿಸಿದ ಕೂಡಲೇ ಎಡರೆಕ್ಕೆ ಕುಸಿದು ನೆಲಕ್ಕೆ ಬಡಿಯಿತು. ಎರಡನೆಯದೂ ಹಾಗೆಯೇ ಆಯಿತು. ಅಂದು ಇಮಾಮಸಾಬರು ಮುರಿದ ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ರಿಮೋಟನ್ನು ನನ್ನ ಮೇಲಿಟ್ಟರು.

“ಇದನ್ನ ಬ್ಯಾರೆ ಯಾರಿಗರ ಕೊಡ್ರಿ ಅಕ್ಕಾರ. ನನ್ನ ಕೈ ಇನ್ನ ಮೊದಲಿನಂಗ ಇಲ್ಲ.”

ಟೀಚರ್ ಏನೂ ಹೇಳಲಿಲ್ಲ. ಅವರಿಗೂ ಹಾಗೇ ಅನಿಸಿತ್ತು.

ಆದರೂ ಮುರಿದದ್ದನ್ನು ಅವರು ಎಸೆಯಲಿಲ್ಲ. ಬುಡದಲ್ಲಿ ಕಳಚಿದ್ದರೂ ಮುರಿಯದೆ ಉಳಿದಿದ್ದ ಎಡರೆಕ್ಕೆಯನ್ನು ಕಟ್ಟಿದ್ದ ಜಾಗದಲ್ಲೇ ನನ್ನ ಮೇಲಿಟ್ಟರು. ಒಂದಿಷ್ಟೂ ಅಲುಗದೆ ಕೂತಿತು. ಕೂರದೇ ಏನು? ಅದರ ಡೊಂಕೂ ನನ್ನ ಡೊಂಕೂ ಒಂದೇ. ಅದನ್ನು ಒರೆಸಲೆಂದು ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಇಟ್ಟಾಗ ‘ಟಿಕ್’ ಎಂದಿತು. ಒತ್ತಿದರು, ಮತ್ತೆ ಟಿಕ್. ಎದ್ದ ತುದಿಯ ಕೆಳಗೆ ಒಂದು ಅಕ್ಕಿಕಾಳು ಇಟ್ಟು ನೋಡಿದರು, ಸಲೀಸಾಗಿ ನುಸುಳಿತು. ಅವರು ಒಂದು ಗಳಿಗೆ ನಿಂತರು. ಆಮೇಲೆ ಬಂದು ನನ್ನನ್ನೇ ಎತ್ತಿಕೊಂಡು ಹೋಗಿ ಅದೇ ಕಲ್ಲಿನ ಮೇಲೆ ಮಲಗಿಸಿದರು. ನಾನೂ ಟಿಕ್ ಎಂದೆ.

ಕಟ್ಟಿದ್ದನ್ನು ಅಳೆಯುವವರನ್ನು ಕಂಡಿದ್ದೆ. ತಾವು ನಂಬಿದ್ದನ್ನೇ ಅಳೆದವರನ್ನು ಕಂಡದ್ದು ಅಂದೇ ಮೊದಲು.

ಅವರು ಸಂಜೆಯೇ ಇಮಾಮಸಾಬರನ್ನು ಕರೆಸಿದರು.

“ನಿಮ್ಮ ಕೈದು ತಪ್ಪಿಲ್ಲ. ತಪ್ಪು ನಂದು. ಡೊಂಕು ಹಲಗಿ ಮ್ಯಾಲೆ ಕಟ್ಟಿದ್ದೆ, ಅದಕ್ಕ ವೇಗ ತಗ್ಗಿದಾಗ ಎಡರೆಕ್ಕಿ ಕುಸೀತು. ನೀವು ಕೈ ಸರಿಯಿಲ್ಲ ಅಂದಾಗ ನಾ ಸುಮ್ಮನಿದ್ದೆ, ಅದೂ ತಪ್ಪು.”

ಟೀಚರ್ ನನ್ನ ಎದ್ದ ಮೂಲೆಯ ಕೆಳಗಿಟ್ಟು ತೋರಿಸಿದ ಅಕ್ಕಿಕಾಳನ್ನು ಇಮಾಮಸಾಬರು ಬಹಳ ಹೊತ್ತು ನೋಡಿದರು. ಬಳಗದವರ ಮುಂದೆ ಹೇಳುವುದು ಬೇಡ, ನಿಮ್ಮ ಹೆಸರು ಕೆಡುತ್ತದೆ ಎಂದು ಬೇಡಿಕೊಂಡರು. ಟೀಚರ್ ಭಾನುವಾರ ಎಲ್ಲರ ಮುಂದೆಯೇ ಹೇಳಿದರು.

ಹೊಸ ರೆಕ್ಕೆಯನ್ನು ದಪ್ಪ ಗಾಜಿನ ಮೇಲೆ ಕಟ್ಟಿದರು. ನನ್ನನ್ನು ಮೈದಾನಕ್ಕೆ ಒಯ್ದು ಎರಡು ಕಲ್ಲುಗಳ ಮೇಲಿಟ್ಟು ಬೆಂಚು ಮಾಡಿದರು. ಹಾಗಾಗಿ ಹೊಸ ರೆಕ್ಕೆಯ ಮೊದಲ ಹಾರಾಟವನ್ನು ನಾನು ಮಲಗಿದಲ್ಲಿಂದಲೇ ಕಂಡೆ. ವಿಮಾನ ಮೂರು ಸುತ್ತು ಹಾಕಿತು. ವೇಗ ತಗ್ಗಿತು. ಟೀಚರ್ ಸೆರಗು ಬಿಗಿಹಿಡಿದರು. ಇಮಾಮಸಾಬರ ಎಡಗೈ ನಡುಗುತ್ತಲೇ ಇತ್ತು, ಆದರೆ ಎರಡೂ ರೆಕ್ಕೆ ಸಮನಾಗಿ ಬಂದು, ಗಾಲಿಗಳು ಸದ್ದಿಲ್ಲದೆ ಮಣ್ಣು ಮುಟ್ಟಿದವು.

ಇಮಾಮಸಾಬರು ಬಂದು ನನ್ನ ಮೇಲೆ ಕೂತರು. ಟೀಚರ್ ಕೂಡ ಕೂತರು.

ಈಗ ನನಗೆ ವಯಸ್ಸಾಗಿದೆ, ಅಂಚಿಗೆ ಗೆದ್ದಲು ಹಿಡಿದಿದೆ. ಗಾಜಿನ ಮೇಲೆ ಹುಟ್ಟಿದ ಎಷ್ಟೋ ವಿಮಾನಗಳು ನನ್ನ ನೆತ್ತಿಯ ಮೇಲೆ ಹಾರಿವೆ. ಅವನ್ನು ಕಂಡಾಗ ನನಗೆ ಹೊಟ್ಟೆಕಿಚ್ಚಿಲ್ಲ. ಅಂದು ನನ್ನ ಮೇಲೆ ಕೂತ ಇಮಾಮಸಾಬರು ಕೊನೆಗೆ, “ಅಕ್ಕಾರ, ಇನ್ನೊಮ್ಮೆ ಹಾರಿಸ್ಲ್ಯಾ?” ಎಂದು ಕೇಳಿದ್ದರಲ್ಲ, ಆ ದನಿಯನ್ನು ಅಷ್ಟು ಹತ್ತಿರದಿಂದ ಕೇಳಿದವನು ನಾನು.