ಆ್ಯಶ್‌ಬರ್ನಿನವರು

ಸ್ಯಾಮ್ಸನ್ ಶವಪೆಟ್ಟಿಗೆಯ ಮುಚ್ಚಳವನ್ನು ಎತ್ತಿ ಹಿಡಿಯುತ್ತಿದ್ದಂತೆ ಅವರ ಅಕ್ಕ ದೀನಾ ಪೆಟ್ಟಿಗೆಯ ಅಂಚಿನ ಮೇಲೆ ಅಂಗೈ ಊರಿದರು.

"ಹಾಕಬ್ಯಾಡ. ಇನ್ನೂ ಮಾರಿ ನೋಡೋರು ಅದಾರ."

"ಇನ್ಯಾರಕ್ಕಾ? ಗದಗಿನವರು ಬಂದ್ರು, ಬೆಟಗೇರಿಯವರು ಬಂದ್ರು. ಭಾವನ ಜೋಡಿ ಕೆಲಸಾ ಮಾಡಿದವರೂ ಬಂದು ಹೋದ್ರು."

"ಆ್ಯಶ್‌ಬರ್ನಿನವರು."

ದೂರದ ಕೊನೆಯ ಬಂಧು ಬಂದು ಮುಖ ನೋಡುವವರೆಗೆ ಪೆಟ್ಟಿಗೆ ಮುಚ್ಚಬಾರದು. ಅದು ಆ ಮನೆತನದ ಪದ್ಧತಿ. ಆದರೆ ಅಂಥ ಊರೊಂದರಲ್ಲಿ ತಮಗೆ ಬಂಧುಗಳಿದ್ದಾರೆಂದು ಸ್ಯಾಮ್ಸನ್ ಕೇಳಿರಲಿಲ್ಲ.

ಬಾಗಿಲಿಗೆ ಒರಗಿದ್ದ ಕ್ರಿಸ್ಟೀನಾ ಕಣ್ಣು ಮುಚ್ಚಿಕೊಂಡಳು. ದೊಡ್ಡಪ್ಪನ ಜೊತೆ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ ಮೈ ಅದು. ಈಗ ಇದೊಂದು ಬಾಕಿಯಿತ್ತು.

"ನಿಮ್ಮ ಭಾವ ಬರದದ್ದನ್ನ ದಿನಾ ಓದೋರು," ಎಂದರು ದೀನಾ. "ಅಮೇರಿಕಾದಾಗ ಅದಾರ. ಕ್ರಿಸ್ಟೀನಾ, ಫೋನಿನಾಗ ಲೈವ್ ಹಚ್ಚವಾ. ಬ್ಲಾಗಿನಾಗ ಹಾಕು. ಅವರೂ ನೋಡ್ಲಿ."

"ಅಕ್ಕಾ, ಪಾಸ್ಟರು ಆಗಿಂದ ಗಡಿಯಾರ ನೋಡಾಕತ್ತಾರ."

"ನೋಡ್ಲಿ ಬಿಡು. ಆ ಗಡಿಯಾರ ಬಂದ್ ಬಿದ್ದು ವರ್ಷ ಆತು."

ನೆರೆಮನೆಯ ಬಾಳವ್ವ ಮೂಗು ಒರೆಸಿಕೊಂಡು ನಡುವೆ ಬಾಯಿ ಹಾಕಿದಳು: "ಅಮೇರಿಕಾದಾಗ ಈಗರೆ ನಸುಕು ಹರದಿರತೈತ್ರಿ. ಎದ್ದು ಹಲ್ಲು ತಿಕ್ಕೊಂಡು ಚಾ ಕುಡದು ಬರಬೇಕಲ್ಲ, ಪಾಪ."

* * *

ಊರ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದು ನಿವೃತ್ತರಾದ ಮೇಲೆ ದೀನಾ ಅವರ ಗಂಡ ಮೋಸೆಸ್ ಬ್ಲಾಗ್ ಬರೆಯತೊಡಗಿದ್ದರು. ಬೆಳಗಿನ ಹೊತ್ತು ಕೆಲಗೇರಿ ಕೆರೆಯ ದಂಡೆಯಲ್ಲಿ ಕಂಡದ್ದನ್ನೆಲ್ಲ ಬರೆಯುವರು: ಎಮ್ಮೆ ಮೈ ತೊಳೆಯುವವರು, ರೆಕ್ಕೆ ಬಿಚ್ಚಿ ಕೂತ ನೀರುಕಾಗೆ, ತೇಲಿಬಂದ ಒಂಟಿ ಚಪ್ಪಲಿ. ಅವರ ತಮ್ಮನ ಮಗಳು ಕ್ರಿಸ್ಟೀನಾಳಿಗೆ ರಾಯಾಪುರದ ಕಚೇರಿಯೊಂದರಲ್ಲಿ ಅಂಗಡಿಗಳ ವೆಬ್‌ಸೈಟಿಗೆ ಎಷ್ಟು ಜನ ಬಂದರೆಂದು ನೋಡುವ ಕೆಲಸ. ದೊಡ್ಡಪ್ಪನ ಬ್ಲಾಗಿಗೂ ಅದೇ ಅನಾಲಿಟಿಕ್ಸ್ ಜೋಡಿಸಿಕೊಟ್ಟಳು. ಯಾವ ಊರಿನಿಂದ ಬಂದರು, ಎಷ್ಟು ಹೊತ್ತು ಇದ್ದರು, ಎಲ್ಲ ಅದರಲ್ಲಿ ಕಾಣುತ್ತಿತ್ತು. ದಿನವೂ ಪಟ್ಟಿಯ ಮೇಲ್ತುದಿಯಲ್ಲಿರುತ್ತಿದ್ದ ಊರು ಅಮೇರಿಕಾದ ಆ್ಯಶ್‌ಬರ್ನ್.

ಮನೆಗೆ ಬಂದ ಅತಿಥಿಗಳನ್ನು ವಿಚಾರಿಸುವಂತೆ ಮೋಸೆಸ್ ಸಂಜೆ ಕೇಳುವರು: "ಆ್ಯಶ್‌ಬರ್ನಿನವರು ಬಂದಿದ್ರೇನವಾ?"

"ಬಂದಿದ್ರು ದೊಡ್ಡಪ್ಪ. ಭಾಳ ಮಂದಿ."

ಪಕ್ಕದ ಸಾಲನ್ನು ಅವಳೊಬ್ಬಳೇ ನೋಡಿದ್ದಳು. ಇದ್ದ ಹೊತ್ತು: ಸೊನ್ನೆ. ಆ ಊರಿನಲ್ಲಿ ಕಂಪ್ಯೂಟರುಗಳ ದೊಡ್ಡ ದೊಡ್ಡ ಉಗ್ರಾಣಗಳಿವೆ. ಅಲ್ಲಿಂದ ಯಂತ್ರಗಳು ಜಗತ್ತಿನ ಪುಟಗಳನ್ನೆಲ್ಲ ಮುಟ್ಟಿ ಹೋಗುತ್ತವೆ. ಅವುಗಳನ್ನು ಲೆಕ್ಕದಿಂದ ತೆಗೆದುಹಾಕಲು ಒಂದು ಗುಂಡಿ ಒತ್ತಿದರೆ ಸಾಕು. ಒಂದು ಸಂಜೆ ಒತ್ತಿಯೇಬಿಡೋಣ ಎಂದುಕೊಂಡಳು. ಅಷ್ಟರಲ್ಲಿ ಮೋಸೆಸ್ ಕನ್ನಡಕ ಏರಿಸಿ ಕೇಳಿದರು:

"ಅವರ ಊರಾಗ ಕೆರಿ ಐತೇನವಾ? ಇಲ್ಲಂದ್ರ ನಾ ಸ್ವಲ್ಪ ಬಿಡಿಸಿ ಬರೀಬೇಕಾಕ್ಕೈತಿ."

"ನೋಡಿ ಹೇಳ್ತೇನ್ರಿ," ಎಂದು ಅವಳು ಕೈ ಹಿಂತೆಗೆದುಕೊಂಡಳು.

* * *

ಈಗ ಅವಳು ಹಚ್ಚಿಟ್ಟ ಲೈವ್ ನಡೆಯುತ್ತಿತ್ತು. ದೀನಾ ಅವರ ಫೋನು ಸ್ಟೂಲಿನ ಮೇಲಿಂದ ಪೆಟ್ಟಿಗೆಯನ್ನು ನೋಡುತ್ತಿತ್ತು. ನೋಡುತ್ತಿರುವವರು: ಸೊನ್ನೆ. ಪಾಸ್ಟರು ಇನ್ನೊಂದು ಪ್ರಾರ್ಥನಾ ಗೀತೆ ಹಾಡಿಸಿದರು. ಹಾಡುವವರ ದನಿ ಸೋತಿತ್ತು.

ಸ್ಯಾಮ್ಸನ್ ಅವಳನ್ನು ಹಿತ್ತಲಿಗೆ ಕರೆದರು. "ಖರೇ ಹೇಳು. ಬರ್ತಾರೇನ ಅವರು?"

"ಇಲ್ಲ ಮಾಮಾ. ಅಲ್ಲಿ ಮಂದೀನ ಇಲ್ಲ. ಅವು ಮಷೀನು. ಬಾಗಲಾ ಬಡದು ಹೋಗ್ತಾವ, ಓದಂಗಿಲ್ಲ."

ಸ್ಯಾಮ್ಸನ್ ಮುಖ ಉಜ್ಜಿಕೊಂಡರು. "ಹಂಗಾರ ಅಕ್ಕಗ ಹೇಳಿಬಿಡು. ಹೊತ್ತು ಮುಣಗಾಕತ್ತೈತಿ."

"ನೀವ ಹೇಳ್ರಿ."

"ನನಗ ಅದು ತಿಳಿದರ ಹೇಳೇನು! ಹೋಗು."

ಕ್ರಿಸ್ಟೀನಾ ಒಳಗೆ ಹೋಗಿ ದೊಡ್ಡವ್ವನ ಪಕ್ಕ ಕೂತಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ದೀನಾ ಫೋನಿನಿಂದ ಕಣ್ಣು ತೆಗೆಯದೆ ಅಂದರು:

"ನಾ ಒಂದರೆ ಓದಲಿಲ್ಲ ನೋಡವಾ. ದಿನಾ ನೋಡೂ ಕೆರಿ, ಅದನ್ನೇನು ಬರೀತೀರಿ ಅಂತ ನಗತಿದ್ದೆ. ಅವರರೆ ಓದಿದ್ರು."

ಕ್ರಿಸ್ಟೀನಾ ಎದ್ದು ಅಂಗಳ ದಾಟಿ, ಕಂಪೌಂಡ್ ಗೋಡೆಯ ಮಗ್ಗುಲಲ್ಲಿ ನಿಂತು ತನ್ನ ಫೋನಿನಲ್ಲಿ ದೊಡ್ಡಪ್ಪನ ಬ್ಲಾಗ್ ತೆರೆದು ಲೈವ್ ಒತ್ತಿದಳು.

ಒಳಗಿನಿಂದ ಬಾಳವ್ವನ ದನಿ ಕೇಳಿತು. "ಬಂದ್ರು! ಯಕ್ಕಾ, ಒಂದಾತು ನೋಡ್ರಿ!"

ಒಳಗೆ ಗದ್ದಲವೆದ್ದು ಅಡಗಿತು. ಮುಚ್ಚಳ ಕೂತ ಸಪ್ಪಳ ಕೇಳಿತು. ನಾಲ್ವರು ಪೆಟ್ಟಿಗೆಯನ್ನು ಹೊತ್ತು ಹೊಸ್ತಿಲು ದಾಟಿ ಅವಳ ಮುಂದೆಯೇ ಗೇಟಿನತ್ತ ನಡೆದರು.

ಫೋನಿನ ಲೈವ್ ನಡೆದದ್ದಕ್ಕಿಂತ ಒಂದೆರಡು ನಿಮಿಷ ಹಿಂದೆ ಬಿದ್ದಿತ್ತು. ಅವಳ ಅಂಗೈಯಲ್ಲಿ ಪೆಟ್ಟಿಗೆ ಇನ್ನೂ ತೆರೆದೇ ಇತ್ತು. ದೀನಾ ತಲೆಯ ಮೇಲೆ ಸೆರಗು ಎಳೆದುಕೊಂಡು, ನೇರ ಅವಳನ್ನೇ ನೋಡಿ ಕೈ ಮುಗಿದರು. "ಬರ್ರಿ," ಎಂದರು, ಮತ್ತು ಬಂದವರಿಗೆ ಮುಖ ಕಾಣಲೆಂದು ಸ್ವಲ್ಪ ಸರಿದು ಕೂತರು.